ನಗುವೂ ನಾದವೂ: ಲೂಯಿ ಆರ್ಮ್‌ಸ್ಟ್ರಾಂಗ್ ಬದುಕು ಮತ್ತು ಬಳುವಳಿ

(ದತ್ತಿ ಉಪನ್ಯಾಸದ ಪಠ್ಯ)



ಸಂಗೀತಕ್ಕೆ ಬದುಕನ್ನೇ ತೆತ್ತ ಒಬ್ಬರನ್ನು ವರ್ಷಕ್ಕೊಮ್ಮೆ ಕೂಡಿ ನೆನೆಯಬೇಕೆಂಬುದು ಈ ದತ್ತಿಯ ಆಶಯ. ಯಾರನ್ನು ನೆನೆಯಬೇಕೆಂಬ ಆಯ್ಕೆಯನ್ನು ಸಂಘಟಕರು ಉಪನ್ಯಾಸಕನಿಗೇ ಬಿಟ್ಟಿದ್ದಾರೆ. ಆ ಸಲುಗೆಯಿಂದ ನಮ್ಮ ವೇದಿಕೆಗಳಲ್ಲಿ ಅಪರೂಪಕ್ಕೆ ಕೇಳಿಬರುವ ಹೆಸರೊಂದನ್ನು ಇಲ್ಲಿಗೆ ತಂದಿದ್ದೇನೆ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್. ಹುಟ್ಟಿದ್ದು 1901, ತೀರಿಕೊಂಡದ್ದು 1971. ಆ ಎಪ್ಪತ್ತು ವರ್ಷಗಳಲ್ಲಿ ಜಾಝ್ ಸಂಗೀತ ಬೀದಿಯ ಮೆರವಣಿಗೆಯಿಂದ ಜಗತ್ತಿನ ದೊಡ್ಡ ಸಭಾಂಗಣಗಳವರೆಗೆ ನಡೆದುಬಂತು. ಆ ನಡಿಗೆಗೆ ದಿಕ್ಕು ತೋರಿಸಿದವರಲ್ಲಿ ಮೊದಲಿಗರು ಇವರು.

ಆರ್ಮ್‌ಸ್ಟ್ರಾಂಗ್ ಕುರಿತು ಬರೆದ ಬಹಳ ಮಂದಿ ಅವರನ್ನು ಎರಡು ಪಾಲು ಮಾಡಿದ್ದಾರೆ. 1925ರಿಂದ 1928ರವರೆಗೆ ಷಿಕಾಗೋದಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿ ಸಂಗೀತದ ವ್ಯಾಕರಣವನ್ನೇ ಬದಲಿಸಿದ ಯುವಕ ಒಂದು ಪಾಲು. ಆಮೇಲೆ ಬಿಳಿ ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತ, ಹಲ್ಲು ಕಿಸಿದು ನಗುತ್ತ, ಸಿನಿಮಾ ಹಾಡುಗಳನ್ನು ಹಾಡುತ್ತ ದೇಶದೇಶ ತಿರುಗಿದ ಹಿರಿಯ ಇನ್ನೊಂದು ಪಾಲು. ಮೊದಲನೆಯವನಿಗೆ ಪ್ರತಿಭಾವಂತನ ಪಟ್ಟ, ಎರಡನೆಯವನಿಗೆ ವಿದೂಷಕನ ಟೋಪಿ. ಈ ಪಾಲುಪಾರೀಕತ್ತಿಗೆ ನಾನು ಸಹಿ ಹಾಕಲಾರೆ. ರಂಜಿಸುವವನೂ ಸೃಷ್ಟಿಸುವವನೂ ಆರ್ಮ್‌ಸ್ಟ್ರಾಂಗ್‌ರಲ್ಲಿ ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಆಗಿದ್ದ. ಅವರ ಕಲೆಯ ಬಲವೇ ಅಲ್ಲಿತ್ತು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತ.

ನ್ಯೂ ಆರ್ಲೀನ್ಸ್‌ನ ಬೀದಿಗಳು

ತಾನು ಹುಟ್ಟಿದ್ದು 1900ರ ಜುಲೈ 4ರಂದು ಎಂದು ಆರ್ಮ್‌ಸ್ಟ್ರಾಂಗ್ ಜೀವನವಿಡೀ ಹೇಳಿಕೊಂಡರು. ಅಮೆರಿಕದ ಸ್ವಾತಂತ್ರ್ಯ ದಿನವೇ ಜನ್ಮದಿನ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1980ರ ದಶಕದಲ್ಲಿ, ನ್ಯೂ ಆರ್ಲೀನ್ಸ್‌ನ ಚರ್ಚೊಂದರ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು. ಅದರ ಪ್ರಕಾರ ಹುಟ್ಟಿದ್ದು 1901ರ ಆಗಸ್ಟ್ 4. ಬಡವರ ಮನೆಯ ಮಕ್ಕಳ ಹುಟ್ಟಿದ ದಿನವನ್ನು ಯಾರೂ ಬರೆದಿಡದ ಊರು, ಕಾಲ ಅದು.

ತಂದೆ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಹೋದ. ಮೊದಲು ಅಜ್ಜಿ ಜೋಸೆಫೀನ್ ಸಾಕಿದಳು, ಆಮೇಲೆ ತಾಯಿ ಮೇಯ್ಯಾನ್. ಹುಡುಗ ಕಲ್ಲಿದ್ದಲು ಮಾರಿದ, ಪತ್ರಿಕೆ ಹಂಚಿದ. ಲಿಥುವೇನಿಯಾದಿಂದ ವಲಸೆ ಬಂದಿದ್ದ ಕಾರ್ನೋಫ್ಸ್ಕಿ ಎಂಬ ಯಹೂದಿ ಕುಟುಂಬದ ಬಂಡಿಯ ಮೇಲೆ ಕೂತು, ಚಿಂದಿ ಮಾರುವವರನ್ನು ಕರೆಯಲು ತಗಡಿನ ಪುಟ್ಟ ಕೊಂಬು ಊದಿದ. ಗಿರವಿ ಅಂಗಡಿಯಲ್ಲಿ ಕಂಡ ಹಳೆಯ ಕಾರ್ನೆಟ್ ಕೊಳ್ಳಲು ಮುಂಗಡ ಕೊಟ್ಟವರೂ ಅವರೇ ಎಂದು ಆರ್ಮ್‌ಸ್ಟ್ರಾಂಗ್ 1969ರಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಬರೆದರು. ಬಡತನದಲ್ಲೂ ತಮ್ಮಂಥವನನ್ನು ಮನೆಯ ಮಗುವಿನಂತೆ ಊಟಕ್ಕೆ ಕೂರಿಸಿದವರ ನೆನಪಿಗೆ ಅವರು ಕೊರಳಲ್ಲಿ ದಾವೀದನ ನಕ್ಷತ್ರದ ಪದಕ ಧರಿಸುತ್ತಿದ್ದರು.

ನಮ್ಮ ವಾದಕ್ಕೆ ಬೇಕಾದ ಸಂಗತಿಯೊಂದು ಇಲ್ಲಿಯೇ ಇದೆ. ಈ ಹುಡುಗ ವಾದ್ಯಕ್ಕಿಂತ ಮೊದಲು ಹಾಡಿನಿಂದ ಕಾಸು ಸಂಪಾದಿಸಿದವನು. ಮೂವರು ಗೆಳೆಯರನ್ನು ಕಟ್ಟಿಕೊಂಡು ಬೀದಿಯಲ್ಲಿ ಹಾಡಿ, ಕುಣಿದು, ಟೋಪಿ ಹಿಡಿದು ಚಿಲ್ಲರೆ ಕೂಡಿಸುತ್ತಿದ್ದ. ಬೀದಿಯಲ್ಲಿ ನಿಂತವನಿಗೆ ಮೊದಲ ಪಾಠವನ್ನು ಕೇಳುಗರೇ ಕಲಿಸುತ್ತಾರೆ. ಹಾಡು ಹಿಡಿಸದಿದ್ದರೆ ಅವರು ಮುಂದೆ ನಡೆದುಬಿಡುತ್ತಾರೆ. ಕೇಳುಗನನ್ನು ಹಿಡಿದು ನಿಲ್ಲಿಸುವ ವಿದ್ಯೆ ಆರ್ಮ್‌ಸ್ಟ್ರಾಂಗ್‌ಗೆ ಖ್ಯಾತಿ ಬಂದ ಮೇಲೆ ಅಂಟಿಕೊಂಡದ್ದಲ್ಲ, ಸ್ವರಜ್ಞಾನಕ್ಕಿಂತ ಮೊದಲೇ ಕೈಗೆ ಬಂದದ್ದು.

1912ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗದ್ದಲದಲ್ಲಿ ಹುಡುಗ ಮನೆಯಲ್ಲಿದ್ದ ಪಿಸ್ತೂಲು ತಂದು ಗಾಳಿಯಲ್ಲಿ ಗುಂಡು ಹಾರಿಸಿದ. ಪೊಲೀಸರು ಹಿಡಿದರು. ಕರಿಯ ಬಾಲಕರಿಗೆಂದೇ ಇದ್ದ ‘ಕಲರ್ಡ್ ವೇಫ್ಸ್ ಹೋಮ್’ ಎಂಬ ಸುಧಾರಣಾಲಯಕ್ಕೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಬ್ಯಾಂಡು ನಡೆಸುತ್ತಿದ್ದರು. ಮೊದಮೊದಲು ಈ ಹುಡುಗನನ್ನು ಅವರು ಅನುಮಾನದಿಂದಲೇ ನೋಡಿದರು. ಆಮೇಲೆ ಕೈಗೆ ಟ್ಯಾಂಬರೀನ್ ಕೊಟ್ಟರು, ಅನಂತರ ಬ್ಯೂಗಲ್, ಕಡೆಗೆ ಕಾರ್ನೆಟ್. ಟ್ರಂಪೆಟ್‌ನ ಅಣ್ಣತಮ್ಮನಂಥ ವಾದ್ಯ ಅದು, ಕೊಂಚ ಗಿಡ್ಡ, ದನಿ ಕೊಂಚ ಮೃದು. 1914ರಲ್ಲಿ ಹೊರಬರುವ ಹೊತ್ತಿಗೆ ಅವನು ಆ ಬ್ಯಾಂಡಿನ ಮುಂದಾಳಾಗಿದ್ದ. ಶಿಕ್ಷೆಗೆಂದು ಕಳಿಸಿದ ಜಾಗದಲ್ಲಿ ಒಬ್ಬ ಮೇಷ್ಟ್ರು ಇದ್ದರು, ಅವರ ಬಳಿ ಒಂದು ವಾದ್ಯ ಇತ್ತು. ಚರಿತ್ರೆ ಕೆಲವೊಮ್ಮೆ ಇಷ್ಟು ಸಣ್ಣ ಅನುಕೂಲದ ಮೇಲೆ ನಿಂತಿರುತ್ತದೆ.

ಗುರುವಿನ ಪಕ್ಕದಲ್ಲಿ

ಆ ದಿನಗಳ ನ್ಯೂ ಆರ್ಲೀನ್ಸ್‌ನಲ್ಲಿ ಕಾರ್ನೆಟ್ ಎಂದರೆ ಜೋ ಆಲಿವರ್. ಜನ ಅವರನ್ನು ‘ಕಿಂಗ್’ ಎನ್ನುತ್ತಿದ್ದರು. ಲೂಯಿ ಅವರ ಮನೆಯ ಚಿಲ್ಲರೆ ಕೆಲಸಗಳನ್ನು ಮಾಡಿಕೊಟ್ಟು ಪಾಠ ಹೇಳಿಸಿಕೊಂಡ. ಆಲಿವರ್ ಉತ್ತರದ ಷಿಕಾಗೋಗೆ ಹೋದ ಮೇಲೆ, ಟ್ರಾಂಬೋನ್ ವಾದಕ ಕಿಡ್ ಓರಿಯ ತಂಡದಲ್ಲಿ ಗುರುವಿನ ಜಾಗ ಶಿಷ್ಯನಿಗೆ ಸಿಕ್ಕಿತು. ಮಿಸಿಸಿಪ್ಪಿ ನದಿಯಲ್ಲಿ ಓಡುತ್ತಿದ್ದ ವಿಹಾರದ ಹಡಗುಗಳಲ್ಲಿ ಫೇಟ್ ಮರೇಬಲ್‌ರ ತಂಡದ ಜೊತೆ ನುಡಿಸುತ್ತ, ಅಲ್ಲಿಯವರೆಗೆ ಕಿವಿಯಿಂದಲೇ ಕಲಿತಿದ್ದವನು ಸ್ವರಲಿಪಿ ಓದುವುದನ್ನೂ ಕಲಿತ.

1922ರ ಆಗಸ್ಟ್‌ನಲ್ಲಿ ಆಲಿವರ್ ತಂತಿ ಕಳಿಸಿ ಶಿಷ್ಯನನ್ನು ಷಿಕಾಗೋಗೆ ಕರೆಸಿಕೊಂಡರು. ಲಿಂಕನ್ ಗಾರ್ಡನ್ಸ್ ಎಂಬ ನೃತ್ಯಶಾಲೆಯಲ್ಲಿ ಗುರುಶಿಷ್ಯರ ಎರಡು ಕಾರ್ನೆಟ್‌ಗಳು ಜೋಡಿಯಾಗಿ ಕೇಳತೊಡಗಿದವು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ತಂಡ ಇಂಡಿಯಾನ ರಾಜ್ಯದ ರಿಚ್‌ಮಂಡ್‌ಗೆ ಹೋಗಿ ಜೆನೆಟ್ ಕಂಪನಿಗೆ ಧ್ವನಿಮುದ್ರಣ ಕೊಟ್ಟಿತು. ಆಗಿನ್ನೂ ವಿದ್ಯುತ್ ಮೈಕು ಬಂದಿರಲಿಲ್ಲ. ಎಲ್ಲರೂ ದೊಡ್ಡ ಕೊಳವೆಯೊಂದರ ಮುಂದೆ ನಿಂತು ನುಡಿಸಬೇಕು. ಲೂಯಿಯ ದನಿ ಉಳಿದವರನ್ನು ಮುಳುಗಿಸುತ್ತಿತ್ತೆಂದು ಅವರನ್ನು ಹಿಂದಕ್ಕೆ, ಕೋಣೆಯ ಮೂಲೆಗೆ ನಿಲ್ಲಿಸಿದರು. ಆ ತಂಡದ ಪಿಯಾನೋ ವಾದಕಿ ಲಿಲ್ ಹಾರ್ಡಿನ್ ಇದನ್ನು ನೋಡಿದರು. ಎಲ್ಲರಿಗಿಂತ ದೂರ ನಿಂತರೂ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳುವವನು ಎರಡನೆಯ ಕಾರ್ನೆಟ್ ಆಗಿ ಉಳಿಯಬಾರದು ಎಂಬುದು ಅವರ ನಿಲುವು. 1924ರಲ್ಲಿ ಇಬ್ಬರೂ ಮದುವೆಯಾದರು. ಗುರುವನ್ನು ಬಿಟ್ಟು ಹೋಗಲು ಲೂಯಿಗೆ ಮನಸ್ಸಿರಲಿಲ್ಲ, ಹೊರಡಿಸಿದವರು ಲಿಲ್.

ಹೊರಟದ್ದು ನ್ಯೂಯಾರ್ಕ್‌ಗೆ, ಫ್ಲೆಚರ್ ಹೆಂಡರ್ಸನ್‌ರ ನೃತ್ಯವಾದ್ಯವೃಂದಕ್ಕೆ. ಅಲ್ಲಿನವರು ಓದುಬರಹ ಬಲ್ಲ, ನೀಟಾದ ಉಡುಪಿನ ಪಟ್ಟಣದ ವಾದಕರು. ದಪ್ಪ ಬೂಟು ಹಾಕಿಕೊಂಡು ಬಂದ ದಕ್ಷಿಣದ ಹುಡುಗನನ್ನು ಮೊದಲಿಗೆ ಹಗುರವಾಗಿ ಕಂಡರು. ಒಂದು ವರ್ಷ ಕಳೆಯುವುದರೊಳಗೆ ಆ ತಂಡದ ಲಯವೇ ಬೇರೆಯಾಗಿತ್ತು. ಸ್ಯಾಕ್ಸೊಫೋನ್ ವಾದಕ ಕೋಲ್‌ಮನ್ ಹಾಕಿನ್ಸ್, ಸಂಯೋಜಕ ಡಾನ್ ರೆಡ್‌ಮನ್ ಇಬ್ಬರೂ ಈ ಹೊಸಬನಿಂದ ಕಲಿತದ್ದನ್ನು ಮುಂದಿನ ತಲೆಮಾರಿಗೆ ಒಯ್ದರು.

ಮೂರು ನಿಮಿಷದ ತಟ್ಟೆ

1925ರ ನವೆಂಬರ್ 12ರಂದು ಷಿಕಾಗೋದಲ್ಲಿ ಓಕೇ ಕಂಪನಿಗಾಗಿ ಆರ್ಮ್‌ಸ್ಟ್ರಾಂಗ್ ಮೊದಲ ಬಾರಿಗೆ ತಮ್ಮದೇ ಹೆಸರಿನ ತಂಡ ಕಟ್ಟಿ ಮುದ್ರಣಕ್ಕೆ ಕೂತರು. ತಂಡದ ಹೆಸರು ‘ಹಾಟ್ ಫೈವ್’. ಕಿಡ್ ಓರಿ, ಕ್ಲಾರಿನೆಟ್‌ನ ಜಾನಿ ಡಾಡ್ಸ್, ಬ್ಯಾಂಜೊದ ಜಾನಿ ಸೇಂಟ್ ಸಿರ್, ಪಿಯಾನೋದಲ್ಲಿ ಲಿಲ್. ಈ ತಂಡ ವೇದಿಕೆಯ ಮೇಲೆ ನುಡಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ, ಅದು ಬದುಕಿದ್ದು ಸ್ಟುಡಿಯೊದಲ್ಲಿ. ಮೂರು ವರ್ಷಗಳಲ್ಲಿ ಹೊರಬಂದ ಆ ತಟ್ಟೆಗಳು ಜಾಝ್‌ನ ಮೂಲಪಾಠಗಳಾಗಿವೆ.

ಅಲ್ಲಿ ಏನಾಯಿತೆಂದು ನಮಗೆ ಪರಿಚಿತವಾದ ಮಾತಿನಲ್ಲಿ ಹೇಳಲು ನೋಡುತ್ತೇನೆ. ನ್ಯೂ ಆರ್ಲೀನ್ಸ್‌ನ ಹಳೆಯ ಶೈಲಿಯಲ್ಲಿ ಮನೋಧರ್ಮ ಎಂಬುದು ಸಮೂಹದ್ದು. ಕಾರ್ನೆಟ್ ರಾಗದ ಮುಖ್ಯ ಸಾಲನ್ನು ಹಿಡಿದರೆ, ಕ್ಲಾರಿನೆಟ್ ಅದರ ಮೇಲೆ ಬಳ್ಳಿ ಹಬ್ಬಿಸುತ್ತದೆ, ಟ್ರಾಂಬೋನ್ ಕೆಳಗಿನಿಂದ ಆಧಾರ ಕೊಡುತ್ತದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಒಬ್ಬರೇ ಮುಂದೆ ಬಂದು ಎರಡು-ನಾಲ್ಕು ಎಣಿಕೆಯಷ್ಟು ಚಮತ್ಕಾರ ತೋರಿ ಹಿಂದೆ ಸರಿಯುವುದುಂಟು. ಆರ್ಮ್‌ಸ್ಟ್ರಾಂಗ್ ಆ ಚಮತ್ಕಾರವನ್ನು ಹಿಗ್ಗಿಸಿ ಅದಕ್ಕೆ ಕಟ್ಟಡದ ರೂಪ ಕೊಟ್ಟರು. ಒಬ್ಬ ವಾದಕ ಒಂದಿಡೀ ಆವರ್ತವನ್ನು ಹಿಡಿದು, ಒಂದು ಸಂಚಾರದಿಂದ ಇನ್ನೊಂದನ್ನು ಹೊರಡಿಸಿ, ಏರಿಸಿ, ಸರಿಯಾದ ಜಾಗದಲ್ಲಿ ಇಳಿಸಿ ಮುಗಿಸುವ ಕ್ರಮ ಅಲ್ಲಿ ರೂಪುಗೊಂಡಿತು. ಇವತ್ತು ಜಾಝ್ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದೇ ಮುಂದೆ ಬಂದು ಏಕಾಕಿಯಾಗಿ ನುಡಿಸುವ ವಾದಕ. ಆ ಚಿತ್ರ ಈ ತಟ್ಟೆಗಳಿಂದ ಬಂದದ್ದು.

1927ರ ಮೇ 10ರಂದು ಮುದ್ರಿಸಿದ ‘ಪೊಟೇಟೊ ಹೆಡ್ ಬ್ಲೂಸ್’ ಕೇಳಿ. ಈಗ ತಂಡದಲ್ಲಿ ಟ್ಯೂಬಾ, ಡ್ರಮ್ ಸೇರಿ ‘ಹಾಟ್ ಸೆವೆನ್’ ಆಗಿದೆ. ನಡುವೆ ಒಂದು ಹಂತದಲ್ಲಿ ಪಕ್ಕವಾದ್ಯಗಳೆಲ್ಲ ಹೆಚ್ಚುಕಡಿಮೆ ಸುಮ್ಮನಾಗುತ್ತವೆ. ಎಂಟು ಎಣಿಕೆಗೊಮ್ಮೆ ಒಂದೇ ಒಂದು ಪೆಟ್ಟು, ಉಳಿದ ಏಳು ಎಣಿಕೆ ಖಾಲಿ. ಆ ಖಾಲಿಯನ್ನು ದಾಟುವವನು ತಾಳವನ್ನು ತನ್ನೊಳಗೇ ಇಟ್ಟುಕೊಂಡಿರಬೇಕು. ಆರ್ಮ್‌ಸ್ಟ್ರಾಂಗ್ ಅದರ ಮೇಲೆ ಸುಮಾರು ನಲವತ್ತು ಸೆಕೆಂಡು ನುಡಿಸುತ್ತಾರೆ. ಪೆಟ್ಟಿಗೆ ಮುಂಚೆ ಹೊರಡುತ್ತಾರೆ, ಪೆಟ್ಟು ಬಿದ್ದ ಮೇಲೆ ಬರುತ್ತಾರೆ, ಸರಿಯಾಗಿ ಅದರ ಮೇಲೆ ಕೂರುವುದು ಅಪರೂಪ, ಎಣಿಕೆ ಮಾತ್ರ ಎಲ್ಲೂ ತಪ್ಪುವುದಿಲ್ಲ. ಕಲ್ಪನಾಸ್ವರದಲ್ಲಿ ಎಡುಪಿನ ಸುತ್ತ ಆಟವಾಡುವ ವಿದ್ವಾಂಸರನ್ನು ಕೇಳಿ ಬೆಳೆದ ಕಿವಿಗೆ ಈ ಸುಖ ಹೊಸದಲ್ಲ. ಸ್ವಿಂಗ್ ಎಂದು ಜಾಝ್‌ನವರು ಕರೆಯುವುದು ಇದನ್ನೇ: ಲಯದ ಜೊತೆಗಿನ ಸಲಿಗೆ.

1928ರ ಜೂನ್ 28ರಂದು ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಇನ್ನೂ ಮುಂದಿನದು. ಕೃತಿ ಗುರು ಆಲಿವರ್‌ರದ್ದು. ಶಿಷ್ಯ ಅದಕ್ಕೆ ತನ್ನದೊಂದು ಮುನ್ನುಡಿ ಇಟ್ಟರು. ಪಕ್ಕವಾದ್ಯವಿಲ್ಲದೆ, ತಾಳವಿಲ್ಲದೆ, ಟ್ರಂಪೆಟ್ ಒಂದೇ ಹನ್ನೆರಡು-ಹದಿಮೂರು ಸೆಕೆಂಡು ಮೇಲೇರಿ, ಹೊರಳಿ, ಇಳಿಯುತ್ತದೆ. ಅದು ಮುಗಿದ ಮೇಲೆ ತಂಡ ನಿಧಾನಗತಿಯ ಬ್ಲೂಸ್‌ಗೆ ಇಳಿಯುತ್ತದೆ. ನಾಲ್ಕು ಎಣಿಕೆಯ ಹನ್ನೆರಡು ಘಟಕಗಳು, ಒಟ್ಟು 48 ಎಣಿಕೆಯ ಆವರ್ತ. ಕೊನೆಯ ಆವರ್ತದಲ್ಲಿ ಆರ್ಮ್‌ಸ್ಟ್ರಾಂಗ್ ತಾರಸ್ಥಾಯಿಯ ಒಂದೇ ಸ್ವರವನ್ನು ಸುಮಾರು ಹದಿನಾರು ಎಣಿಕೆ ಹಿಡಿದು ನಿಲ್ಲುತ್ತಾರೆ. ಅಷ್ಟೊಂದು ಸ್ವರ ಸುರಿಸಿದ ಕೈಯೇ ಇಲ್ಲಿ ಒಂದು ಸ್ವರಕ್ಕೆ ಸುಮ್ಮನಾಗುತ್ತದೆ. ಟ್ರಂಪೆಟ್‌ನಲ್ಲಿ ಮೂರೇ ಗುಂಡಿಗಳು. ಉಳಿದೆಲ್ಲ ತುಟಿ, ನಾಲಿಗೆ, ಉಸಿರು. ಆ ದೀರ್ಘಸ್ವರದ ಬೆಲೆಯನ್ನು ಅವರ ತುಟಿಗಳು ತೆತ್ತವು. 1930ರ ದಶಕದಲ್ಲಿ ತುಟಿ ಬಿರಿದು ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಆಮೇಲೆ ಬದುಕಿನುದ್ದಕ್ಕೂ ಜರ್ಮನಿಯಿಂದ ತರಿಸಿದ ಮುಲಾಮು ಜೊತೆಯಲ್ಲೇ ಇರುತ್ತಿತ್ತು.

‘ವೆಸ್ಟ್ ಎಂಡ್ ಬ್ಲೂಸ್’ನ ನಡುವೆ ಇನ್ನೊಂದು ಸಂಗತಿ ನಡೆಯುತ್ತದೆ. ವಾದ್ಯ ಕೆಳಗಿಟ್ಟು, ಕ್ಲಾರಿನೆಟ್ ಜೊತೆ ಸವಾಲುಜವಾಬಿನಂತೆ, ಪದಗಳಿಲ್ಲದೆ, ಮೆಲ್ಲಗೆ ಆರ್ಮ್‌ಸ್ಟ್ರಾಂಗ್ ಹಾಡುತ್ತಾರೆ. ಶುದ್ಧ ಕಲೆಯ ಶಿಖರವೆಂದು ಪಂಡಿತರು ಎತ್ತಿ ತೋರಿಸುವ ಇದೇ ತಟ್ಟೆಯೊಳಗೆ ಆ ಗೊಗ್ಗರು ಗಂಟಲೂ ಇದೆ.

ಗಂಟಲು ಮತ್ತು ಕುಣಿತ

ಪದಗಳಿಲ್ಲದೆ ದನಿಯನ್ನೇ ವಾದ್ಯ ಮಾಡಿ ಹಾಡುವ ‘ಸ್ಕ್ಯಾಟ್’ ಮೊದಲೂ ಇತ್ತು. ಜನಪ್ರಿಯವಾದದ್ದು 1926ರ ಫೆಬ್ರವರಿಯಲ್ಲಿ ಮುದ್ರಿಸಿದ ‘ಹೀಬಿ ಜೀಬೀಸ್’ನಿಂದ. ಹಾಡಿನ ಹಾಳೆ ಕೈಜಾರಿ ಬಿತ್ತು, ಅದಕ್ಕೇ ಹಾಗೆ ಹಾಡಿಬಿಟ್ಟೆ ಎಂಬ ಕಥೆಯನ್ನು ಆರ್ಮ್‌ಸ್ಟ್ರಾಂಗ್ ಹೇಳುತ್ತಿದ್ದರು. ಕಥೆಯಲ್ಲಿ ಎಷ್ಟು ನಿಜವೋ, ತಟ್ಟೆ ಮಾತ್ರ ಚೆನ್ನಾಗಿ ಮಾರಾಟವಾಯಿತು. ಆಮೇಲೆ ಬಂದ ಬಿಂಗ್ ಕ್ರಾಸ್ಬಿ, ಬಿಲ್ಲಿ ಹಾಲಿಡೇ, ಎಲ್ಲಾ ಫಿಟ್ಜ್‌ಜೆರಲ್ಡ್ ಎಲ್ಲರೂ ಹಾಡಿನ ಸಾಲನ್ನು ಮಾತಿನ ಹದಕ್ಕೆ ತಂದು, ತಾಳಕ್ಕೆ ತುಸು ಹಿಂದೆ ಮುಂದೆ ಆಡಿಸುವುದನ್ನು ಇವರಿಂದ ಪಡೆದರು.

ಆ ‘ಶುದ್ಧ’ ಕಾಲದ ಸಂಜೆಗಳಲ್ಲಿ ಆರ್ಮ್‌ಸ್ಟ್ರಾಂಗ್ ಏನು ಮಾಡುತ್ತಿದ್ದರು? ವೆಂಡೋಮ್ ಎಂಬ ಚಿತ್ರಮಂದಿರದಲ್ಲಿ ಅರ್ಸ್ಕಿನ್ ಟೇಟ್‌ರ ವಾದ್ಯವೃಂದದ ಜೊತೆ ಮೂಕಿಚಿತ್ರಗಳಿಗೆ ನುಡಿಸುತ್ತಿದ್ದರು. ಕಾರ್ನೆಟ್ ಬಿಟ್ಟು ಟ್ರಂಪೆಟ್ ಹಿಡಿದದ್ದೂ ಆ ಸುಮಾರಿಗೇ. ವೇದಿಕೆಯಲ್ಲಿ ಪಾದ್ರಿಯ ವೇಷ ಹಾಕಿ ಹಾಸ್ಯದ ಪ್ರವಚನ ಮಾಡುತ್ತಿದ್ದರು. ರಾತ್ರಿ ಸನ್‌ಸೆಟ್ ಕೆಫೆಯಲ್ಲಿ ಜೊತೆಗಾರರೊಂದಿಗೆ ಚಾರ್ಲ್‌ಸ್ಟನ್ ಕುಣಿಯುತ್ತಿದ್ದರು. ಅಂದರೆ ಮಹಾಪ್ರತಿಭೆಯ ವರ್ಷಗಳಲ್ಲೇ ವಿದೂಷಕನೂ ಪೂರ್ಣಾವಧಿ ಕೆಲಸದಲ್ಲಿದ್ದ. ತಟ್ಟೆಯಲ್ಲಿ ಕುಣಿತ ಕಾಣದು. ಕೇಳಿಸಿದ್ದನ್ನಷ್ಟೇ ಕೇಳಿ ವಿಮರ್ಶಕರು ಒಬ್ಬ ಗಂಭೀರ ಯುವಕನನ್ನು ಕಲ್ಪಿಸಿಕೊಂಡರು. ಟಿವಿ, ಸಿನಿಮಾ ಬಂದ ಮೇಲೆ ಕಣ್ಣಿಗೆ ನಗು ಕಂಡಿತು, ಮನುಷ್ಯ ಕೆಟ್ಟ ಎಂದರು.

ನಗುವಿನ ಮೇಲೆ ಬಂದ ಆಪಾದನೆ

1935ರಿಂದ ಜೋ ಗ್ಲೇಸರ್ ಎಂಬ ವ್ಯವಸ್ಥಾಪಕ ಆರ್ಮ್‌ಸ್ಟ್ರಾಂಗ್‌ರ ವ್ಯವಹಾರವೆಲ್ಲ ನೋಡಿಕೊಂಡರು. 1936ರಲ್ಲಿ ಬಿಂಗ್ ಕ್ರಾಸ್ಬಿಯ ಜೊತೆ ‘ಪೆನ್ನೀಸ್ ಫ್ರಮ್ ಹೆವನ್’ ಚಿತ್ರ ಬಂತು. 1937ರಲ್ಲಿ ದೇಶವ್ಯಾಪಿ ರೇಡಿಯೊ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟ ಮೊದಲ ಕರಿಯ ಕಲಾವಿದರಾದರು. 1947ರಲ್ಲಿ ‘ಆಲ್ ಸ್ಟಾರ್ಸ್’ ತಂಡ ಕಟ್ಟಿದರು, ಕರಿಯರೂ ಬಿಳಿಯರೂ ಒಟ್ಟಿಗೇ ಇದ್ದ ತಂಡ. 1949ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡರು. ಅದೇ ವರ್ಷ ನ್ಯೂ ಆರ್ಲೀನ್ಸ್‌ನ ಮಾರ್ಡಿ ಗ್ರಾ ಉತ್ಸವದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡು ‘ಝುಲು ರಾಜ’ನ ವೇಷದಲ್ಲಿ ಮೆರವಣಿಗೆ ಹೋದರು. ಅವರಿಗೆ ಅದು ಬಾಲ್ಯದ ಕನಸು, ತಮ್ಮ ಕೇರಿಯವರು ಕೊಟ್ಟ ಮರ್ಯಾದೆ. ಹೊರಗಿನ ಕರಿಯ ಯುವಜನಕ್ಕೆ ಅದು ಅವಮಾನವಾಗಿ ಕಂಡಿತು.

ಆ ಹೊತ್ತಿಗೆ ಬೀಬಾಪ್ ಎಂಬ ಹೊಸ ಶೈಲಿ ಹುಟ್ಟಿತ್ತು. ಅದರ ವಾದಕರು ಕೇಳುಗರನ್ನು ನಗಿಸುವುದಕ್ಕೆ ಬಂದವರಲ್ಲ. ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ, ಆರ್ಮ್‌ಸ್ಟ್ರಾಂಗ್‌ರ ಹಾವಭಾವ ಗುಲಾಮಗಿರಿಯ ಕಾಲದ್ದು ಎಂದರು. ಇನ್ನೊಬ್ಬ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, ಆರ್ಮ್‌ಸ್ಟ್ರಾಂಗ್‌ರ ವಾದನವನ್ನು ಮನಸಾರೆ ಹೊಗಳುತ್ತಲೇ ಆ ನಗುವನ್ನು ಸಹಿಸಲಾರೆ ಎಂದರು. ಈ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಿಳಿಯರ ಮುಂದೆ ನಗುವುದೇ ಕರಿಯನ ಜೀವರಕ್ಷಣೆಯ ಉಪಾಯವಾಗಿದ್ದ ದೇಶದಲ್ಲಿ, ನಗದೆ ನಿಲ್ಲುವ ಹಕ್ಕು ಕೇಳಿದ ತಲೆಮಾರಿಗೆ ಹಾಗೆ ಅನ್ನಿಸಿದ್ದು ಸಹಜ. ಗಿಲೆಸ್ಪಿ 1979ರ ತಮ್ಮ ಆತ್ಮಕಥೆಯಲ್ಲಿ ಈ ಮಾತಿಗೆ ಮರಳಿದರು. ಜನಾಂಗದ್ವೇಷ ಸೇರಿದಂತೆ ಯಾವುದೂ ತನ್ನ ಬದುಕಿನ ಖುಷಿಯನ್ನು ಕಸಿದುಕೊಳ್ಳಲು ಬಿಡದಿರುವ ಹಟ ಆ ನಗುವಿನಲ್ಲಿತ್ತು, ತಮಗದು ತಡವಾಗಿ ತಿಳಿಯಿತು ಎಂಬ ಅರ್ಥದಲ್ಲಿ ಬರೆದರು. ಅಷ್ಟು ಹೊತ್ತಿಗೆ ಇಬ್ಬರೂ ನ್ಯೂಯಾರ್ಕ್‌ನ ಕ್ವೀನ್ಸ್ ಪ್ರದೇಶದಲ್ಲಿ ನೆರೆಹೊರೆಯವರಾಗಿ ವರ್ಷಗಟ್ಟಲೆ ಬಾಳಿದ್ದರು.

ಆ ಕಾಲದ ವಾದನ ಸೊರಗಿತ್ತೆ ಎಂಬುದಕ್ಕೆ ಮುದ್ರಿಕೆಗಳೇ ಸಾಕ್ಷಿ. 1954ರಲ್ಲಿ ಡಬ್ಲ್ಯು.ಸಿ. ಹ್ಯಾಂಡಿಯವರ ಕೃತಿಗಳನ್ನು ನುಡಿಸಿದ ಎಲ್‌ಪಿ ಬಂತು. ಮೂರು ನಿಮಿಷದ ಕಟ್ಟು ಹೋಗಿತ್ತು. ಅದರಲ್ಲಿನ ‘ಸೇಂಟ್ ಲೂಯಿಸ್ ಬ್ಲೂಸ್’ ಒಂಬತ್ತು ನಿಮಿಷದ ಹತ್ತಿರ ಓಡುತ್ತದೆ. ಹಾಡು, ತಮಾಷೆ, ಟ್ರಂಪೆಟ್ ಒಂದರ ಹೆಗಲ ಮೇಲೊಂದು ಏರಿ ಕೂರುತ್ತವೆ. ನಡುವಯಸ್ಸು ದಾಟಿದ ಆ ವಾದಕನ ಸ್ವರಗಳು ಕಡಿಮೆ, ತೂಕ ಹೆಚ್ಚು. 1956ರಲ್ಲಿ ಎಲ್ಲಾ ಫಿಟ್ಜ್‌ಜೆರಲ್ಡ್ ಜೊತೆ, 1961ರಲ್ಲಿ ಡ್ಯೂಕ್ ಎಲಿಂಗ್ಟನ್ ಜೊತೆ ಮಾಡಿದ ಮುದ್ರಣಗಳೂ ಇದೇ ಮಾತು ಹೇಳುತ್ತವೆ.

1957ರ ಸೆಪ್ಟೆಂಬರ್

ನಗುವವನಿಗೆ ಬೆನ್ನೆಲುಬಿಲ್ಲ ಎಂದವರಿಗೆ ಉತ್ತರ ಸಿಕ್ಕಿದ್ದು ಈ ತಿಂಗಳಲ್ಲಿ. ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಪಟ್ಟಣದಲ್ಲಿ ಒಂಬತ್ತು ಕರಿಯ ಮಕ್ಕಳು ಬಿಳಿಯರ ಪ್ರೌಢಶಾಲೆಗೆ ಸೇರಲು ಬಂದಾಗ ಗವರ್ನರ್ ಫಾಬಸ್ ಸೈನಿಕರನ್ನು ನಿಲ್ಲಿಸಿ ತಡೆದರು. ಅಧ್ಯಕ್ಷ ಐಸೆನ್‌ಹೋವರ್ ಕೂಡಲೇ ಕೈಹಾಕಲಿಲ್ಲ. ಆಗ ಆರ್ಮ್‌ಸ್ಟ್ರಾಂಗ್ ಕಚೇರಿಗೆಂದು ಉತ್ತರ ಡಕೋಟಾದ ಗ್ರಾಂಡ್ ಫೋರ್ಕ್ಸ್‌ನಲ್ಲಿದ್ದರು. ಸ್ಥಳೀಯ ಪತ್ರಿಕೆಯ ಯುವ ವರದಿಗಾರನೊಬ್ಬ ಹೋಟೆಲಿನ ಕೋಣೆಗೆ ಬಂದು ಪ್ರಶ್ನೆ ಕೇಳಿದ. ಆರ್ಮ್‌ಸ್ಟ್ರಾಂಗ್ ಅಧ್ಯಕ್ಷರನ್ನು ಇಬ್ಬಗೆಯ ಮನುಷ್ಯ, ಧೈರ್ಯವಿಲ್ಲದವನು ಎಂದರು. ಗವರ್ನರರ ಬಗ್ಗೆ ಆಡಿದ ಮಾತನ್ನು ಅಚ್ಚಿಗೆ ತಕ್ಕಂತೆ ಸೌಮ್ಯ ಮಾಡಿ ಹಾಕಬೇಕಾಯಿತು. ಸರ್ಕಾರದ ಪರವಾಗಿ ಸೋವಿಯತ್ ರಷ್ಯಾಕ್ಕೆ ಕಚೇರಿ ಪ್ರವಾಸ ಹೋಗುವ ಮಾತಿತ್ತು, ಅದನ್ನೂ ಒಲ್ಲೆನೆಂದರು. ಬರೆದದ್ದನ್ನು ಮರುದಿನ ವರದಿಗಾರ ತೋರಿಸಿದಾಗ, ಸರಿಯಾಗಿದೆ ಎಂದು ಸಹಿ ಮಾಡಿಕೊಟ್ಟರು.

ಸುದ್ದಿ ದೇಶವಿಡೀ ಹರಡಿತು. ಪ್ರವಾಸದ ವ್ಯವಸ್ಥಾಪಕ, ಅವರು ಆಡಿದ ಮಾತಿಗೆ ವಿಷಾದಪಟ್ಟಿದ್ದಾರೆ ಎಂದು ಪತ್ರಿಕೆಗಳಿಗೆ ಹೇಳಿದ. ಆರ್ಮ್‌ಸ್ಟ್ರಾಂಗ್ ಅದನ್ನು ಅಲ್ಲಗಳೆದರು. ಅವರನ್ನು ಬಹಿಷ್ಕರಿಸಬೇಕೆಂಬ ಕೂಗು ಎದ್ದಿತು, ಕರಿಯ ಕಲಾವಿದರಲ್ಲೂ ಕೆಲವರು ಕೈಬಿಟ್ಟರು. ಸೆಪ್ಟೆಂಬರ್ 24ರಂದು ಐಸೆನ್‌ಹೋವರ್ ಕೇಂದ್ರದ ಸೇನೆಯನ್ನು ಲಿಟ್ಲ್ ರಾಕ್‌ಗೆ ಕಳಿಸಿದಾಗ ಮೆಚ್ಚುಗೆಯ ತಂತಿ ಕಳಿಸಿದವರೂ ಇದೇ ಆರ್ಮ್‌ಸ್ಟ್ರಾಂಗ್. ಅವರ ಸಿಟ್ಟು ಆ ಒಂದು ದಿನದ್ದಾಗಿರಲಿಲ್ಲ. 1956ರಲ್ಲಿ ಲೂಸಿಯಾನಾ ರಾಜ್ಯ ಕರಿಯರು-ಬಿಳಿಯರು ಒಂದೇ ವೇದಿಕೆಯಲ್ಲಿ ಕೂಡುವುದನ್ನು ಕಾನೂನು ಮಾಡಿ ನಿಷೇಧಿಸಿತ್ತು. ತನ್ನ ತಂಡದ ಎಲ್ಲರೂ ಬರುವಂತಿಲ್ಲದ ಹುಟ್ಟೂರಿನಲ್ಲಿ ನುಡಿಸುವುದನ್ನೇ ಅವರು ಬಿಟ್ಟರು. ನ್ಯೂ ಆರ್ಲೀನ್ಸ್‌ನಲ್ಲಿ ಮತ್ತೆ ವೇದಿಕೆ ಏರಿದ್ದು ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ, 1965ರಲ್ಲಿ.

ಸಂಗೀತದೊಳಗೂ ಆ ಸಿಟ್ಟಿಗೆ ಜಾಗವಿತ್ತು. ‘ಬ್ಲ್ಯಾಕ್ ಅಂಡ್ ಬ್ಲೂ’ ಎಂಬ ಹಾಡು 1929ರ ‘ಹಾಟ್ ಚಾಕೊಲೇಟ್ಸ್’ ಎಂಬ ರಂಗಪ್ರದರ್ಶನದ್ದು. ಫ್ಯಾಟ್ಸ್ ವಾಲರ್ ಮತ್ತು ಜೊತೆಗಾರರ ರಚನೆ. ಅಲ್ಲಿ ಅದು ತನಗಿಂತ ತುಸು ತಿಳಿ ಬಣ್ಣದ ಹೆಂಗಸರಿಗೇ ಗಂಡಸರು ಮನಸೋಲುತ್ತಾರೆಂದು ಕಪ್ಪು ಹೆಣ್ಣೊಬ್ಬಳು ಹೇಳಿಕೊಳ್ಳುವ ಅಳಲು. ಆರ್ಮ್‌ಸ್ಟ್ರಾಂಗ್ ಅದರ ಪೀಠಿಕೆಯ ಭಾಗ ಬಿಟ್ಟು ಹಾಡಿದರು. ಅಷ್ಟರಿಂದಲೇ ಅದು ಒಂದಿಡೀ ಜನಾಂಗದ ಅಳಲಾಯಿತು. 1956ರ ಮೇ ತಿಂಗಳಲ್ಲಿ ಘಾನಾದ ಆಕ್ರಾದಲ್ಲಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ಆ ದೇಶದ ನಾಯಕ ಕ್ವಾಮೆ ಎನ್‌ಕ್ರೂಮಾ ಅವರ ಮುಂದೆ ಇದನ್ನು ಹಾಡಿದರು. ಎನ್‌ಕ್ರೂಮಾ ಕಣ್ಣಲ್ಲಿ ನೀರಿತ್ತು. ಆ ಸನ್ನಿವೇಶ ಚಿತ್ರದಲ್ಲಿ ದಾಖಲಾಗಿದೆ.

ಮನೆ, ಟೇಪು, ಬಳುವಳಿ

1943ರಿಂದ ಸಾಯುವವರೆಗೆ ಆರ್ಮ್‌ಸ್ಟ್ರಾಂಗ್ ಮತ್ತು ಆಗಿನ ಪತ್ನಿ ಲೂಸಿಲ್ ವಾಸವಿದ್ದದ್ದು ಕ್ವೀನ್ಸ್‌ನ ಕರೋನಾ ಎಂಬ ದುಡಿಯುವ ವರ್ಗದವರ ಬಡಾವಣೆಯ ಸಾಧಾರಣ ಮನೆಯಲ್ಲಿ. ಹಣ ಬಂದ ಮೇಲೂ ಅಲ್ಲಿಂದ ಕದಲಲಿಲ್ಲ. ಮನೆಯಲ್ಲಿ ಅವರ ಹವ್ಯಾಸ ಧ್ವನಿಮುದ್ರಣ. ಆರುನೂರಕ್ಕೂ ಹೆಚ್ಚು ಟೇಪುಗಳಲ್ಲಿ ಸಂಗೀತ, ಗೆಳೆಯರೊಡನೆ ಹರಟೆ, ಪೋಲಿ ಜೋಕು, ಜನಾಂಗದ್ವೇಷದ ಬಗ್ಗೆ ಉರಿಮಾತು ಎಲ್ಲವನ್ನೂ ತುಂಬಿಟ್ಟರು. ಡಬ್ಬಗಳ ಮೇಲೆ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಅಲಂಕರಿಸಿದರು. ಹೊರಗಿನವರು ತನ್ನನ್ನು ಏನೆಂದು ಬರೆಯುತ್ತಾರೋ ಅದಕ್ಕೆ ಮುಂದೊಂದು ದಿನ ಬೇಕಾಗಬಹುದಾದ ಉತ್ತರವನ್ನು ಅವರು ತಾವೇ ಸಂಗ್ರಹಿಸಿಟ್ಟಂತಿದೆ. ಆ ಮನೆ 2003ರಿಂದ ವಸ್ತುಸಂಗ್ರಹಾಲಯವಾಗಿದೆ.

1964ರ ಮೇ ತಿಂಗಳಲ್ಲಿ ‘ಹಲೋ, ಡಾಲಿ!’ ಅಮೆರಿಕದ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿ, ಹದಿನಾಲ್ಕು ವಾರ ಅಲ್ಲಿ ಕೂತಿದ್ದ ಬೀಟಲ್ಸ್‌ರನ್ನು ಕೆಳಗಿಳಿಸಿತು. ಆರ್ಮ್‌ಸ್ಟ್ರಾಂಗ್‌ಗೆ ಆಗ 62. 1967ರ ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’ ಅಮೆರಿಕದಲ್ಲಿ ಮೊದಲಿಗೆ ಮಾರಾಟವೇ ಆಗಲಿಲ್ಲ, ಬ್ರಿಟನ್ನಿನಲ್ಲಿ ಗೆದ್ದಿತು. ಅಮೆರಿಕ ಅದನ್ನು ಅಪ್ಪಿಕೊಂಡದ್ದು 1987ರ ಸಿನಿಮಾವೊಂದರಿಂದ, ಹಾಡಿದವರು ತೀರಿಕೊಂಡು ಹದಿನಾರು ವ‌ರ್ಷ ಕಳೆದ ಮೇಲೆ. 1971ರ ಜುಲೈ 6ರಂದು ಅವರು ಅದೇ ಕರೋನಾದ ಮನೆಯಲ್ಲಿ, ನಿದ್ದೆಯಲ್ಲೇ ಕೊನೆಯುಸಿರೆಳೆದರು.

ಭಾರತಕ್ಕೂ ಈ ಪರಂಪರೆಯ ಎಳೆ ಬಂದಿದೆ. 1926ರಲ್ಲಿ ಅರ್ಸ್ಕಿನ್ ಟೇಟ್‌ರ ವಾದ್ಯವೃಂದದ ತಟ್ಟೆಗಳಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ಪಿಯಾನೋ ನುಡಿಸಿದ ಟೆಡ್ಡಿ ವೆದರ್‌ಫರ್ಡ್ ಮುಂದೆ ಏಷ್ಯಾಕ್ಕೆ ಬಂದು, ಮುಂಬಯಿಯ ತಾಜ್ ಹೋಟೆಲಿನಲ್ಲಿ, ಕಲ್ಕತ್ತೆಯ ಗ್ರಾಂಡ್ ಹೋಟೆಲಿನಲ್ಲಿ ತಂಡ ನಡೆಸಿದರು. 1945ರಲ್ಲಿ ಕಲ್ಕತ್ತೆಯಲ್ಲೇ ತೀರಿಕೊಂಡರು. ಮುಂಬಯಿಯಲ್ಲಿ ‘ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್’ ಎನ್ನಿಸಿಕೊಂಡಿದ್ದ ಗೋವೆಯ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್, 1951ರ ‘ಅಲ್ಬೇಲಾ’ ಚಿತ್ರದಲ್ಲಿ ಸಿ. ರಾಮಚಂದ್ರರ ಹಾಡುಗಳಿಗೆ ನುಡಿಸಿದರು.

1977ರಲ್ಲಿ ಎರಡು ವಾಯೇಜರ್ ನೌಕೆಗಳ ಜೊತೆ ಭೂಮಿಯ ಸಂಗೀತದ ತಟ್ಟೆಯೊಂದು ಬಾಹ್ಯಾಕಾಶಕ್ಕೆ ಹೋಯಿತು. ಅದರಲ್ಲಿ ಆರ್ಮ್‌ಸ್ಟ್ರಾಂಗ್‌ರ ಹಾಟ್ ಸೆವೆನ್ ತಂಡದ ‘ಮೆಲಂಕಲಿ ಬ್ಲೂಸ್’ ಇದೆ, ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಎರಡೂ ಮೂರು-ಮೂರೂವರೆ ನಿಮಿಷದ ಹಳೆಯ ತಟ್ಟೆಗಳು. ಕೇಸರಬಾಯಿಯವರ ಜೈಪುರ-ಅತ್ರೌಲಿ ಘರಾಣೆಯೇ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರದ್ದು. ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿದವರು, ಆಮೇಲೆ ಖಯಾಲ್ ಹಾಡಿದರು, ವಚನ ಹಾಡಿದರು. ನಾವು ಅವರನ್ನು ಪಾಲು ಮಾಡಲಿಲ್ಲ. ರಂಗದ ಮೇಲೆ ಪ್ರೇಕ್ಷಕರನ್ನು ಹಿಡಿದ ಹುಡುಗನೂ ಅಪರೂಪದ ರಾಗಗಳನ್ನು ಬಿಡಿಸಿದ ಪಂಡಿತರೂ ಒಬ್ಬರೇ ಎಂದು ಒಪ್ಪಿಕೊಂಡೆವು. ಆ ಉದಾರತೆಯನ್ನು ಆರ್ಮ್‌ಸ್ಟ್ರಾಂಗ್‌ಗೂ ತೋರಿಸಿದರೆ ಅವರ ಸಂಗೀತ ಪೂರ್ತಿ ಕೇಳುತ್ತದೆ.

ದತ್ತಿಯ ವೇದಿಕೆಯಲ್ಲಿ ಹೇಳಲೇಬೇಕಾದ ಮಾತೊಂದು ಉಳಿದಿದೆ. ಆರ್ಮ್‌ಸ್ಟ್ರಾಂಗ್‌ರೂ ಒಂದು ದತ್ತಿ ಇಟ್ಟು ಹೋದರು. 1969ರಲ್ಲಿ ಹುಟ್ಟಿದ ಅವರ ಶಿಕ್ಷಣ ಪ್ರತಿಷ್ಠಾನ ಇಂದಿಗೂ ಮಕ್ಕಳ ಸಂಗೀತ ಶಿಕ್ಷಣಕ್ಕೆ ನೆರವಾಗುತ್ತಿದೆ. ಅವರು ಚಿಕಿತ್ಸೆ ಪಡೆದ ನ್ಯೂಯಾರ್ಕ್‌ನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಸಂಗೀತ ಚಿಕಿತ್ಸೆಯ ವಿಭಾಗ ಬೆಳೆದದ್ದೂ ಅದರ ಹಣದಿಂದ. ಸುಧಾರಣಾಲಯದ ಒಬ್ಬ ಮೇಷ್ಟ್ರಿಂದ ವಾದ್ಯ ಪಡೆದವನು ಆ ಸಾಲವನ್ನು ಗುರುತಿಲ್ಲದ ಮಕ್ಕಳಿಗೆ ತೀರಿಸಿದ ಬಗೆ ಇದು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮನೆಗೆ ಹೋದ ಮೇಲೆ ಮೂರು ಮುದ್ರಿಕೆಗಳನ್ನು ಈ ಕ್ರಮದಲ್ಲಿ ಕೇಳಿ: 1928ರ ‘ವೆಸ್ಟ್ ಎಂಡ್ ಬ್ಲೂಸ್’, 1954ರ ‘ಸೇಂಟ್ ಲೂಯಿಸ್ ಬ್ಲೂಸ್’, ಯಾವ ಕಾಲದ್ದಾದರೂ ಸರಿ ಒಂದು ‘ಬ್ಲ್ಯಾಕ್ ಅಂಡ್ ಬ್ಲೂ’. ಎಲ್ಲಿ ರಂಜನೆ ಮುಗಿದು ಕಲೆ ಶುರುವಾಗುತ್ತದೆಂದು ಗೆರೆ ಎಳೆಯಲು ನೋಡಿ. ಎಳೆಯಲು ಸಾಧ್ಯವಾದವರು ಮುಂದಿನ ವರ್ಷದ ಉಪನ್ಯಾಸದಲ್ಲಿ ನನ್ನ ವಾದವನ್ನು ಖಂಡಿಸಬಹುದು. ಆ ಚರ್ಚೆಗೆ ನಾನೇ ಮೊದಲ ಸಾಲಿನಲ್ಲಿ ಬಂದು ಕೂರುತ್ತೇನೆ.